ಚಪ್ಪಲಿಯ ತುದಿ ಊರ ಕಡೆ

ಯಾರದೋ ಚಪ್ಪಲಿ, ಎದುರು ಸೀಟಿನ ಕೆಳಗೆ, ಒಂದರ ತುದಿ ಕಿಟಕಿಯ ಕಡೆ, ಇನ್ನೊಂದರ ತುದಿ ಬಾಗಿಲ ಕಡೆ — ಮೇಲಿನ ಬರ್ತಿನಲ್ಲಿ ಮುಸುಕೆಳೆದು ಮಲಗಿದವನದೇ ಇರಬೇಕು, ಹೀಗೂ ಬಿಡುತ್ತಾರೆಯೇ, ಎರಡು ಕಾಲಿಗೆ ಎರಡು ದಾರಿ — ಬಗ್ಗಿ ಸರಿ ಮಾಡಿಬಿಡೋಣವೆಂದು ಸುಜಾತಾಳ ಕೈ ಅರ್ಧ ಇಳಿಯಿತು, ಮತ್ತೆ ಎಳೆದುಕೊಂಡಳು, ಪರರ ಚಪ್ಪಲಿಯ ಉಸಾಬರಿ ನಿನಗೇಕೆ, ಅದೂ ಇವತ್ತು, ಸುಮ್ಮನೆ ಕಿಟಕಿಯಾಚೆ ನೋಡು. ಸೇಡಂ ಹಿಂದೆ ಸರಿಯಿತು, ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ತನ್ನ ಹೊಗೆಯನ್ನೂ ಮೋಡಕ್ಕೆ ಸೇರಿಸುತ್ತ ನಿಂತಿದೆ, ತೊಗರಿ ಹೊಲದಲ್ಲಿ ಮೊಳಕಾಲುದ್ದ ನೀರು, ಮೂರು ದಿನದಿಂದ ಬಿಟ್ಟೂಬಿಡದ ಮಳೆ, ಚಿಂಚೋಳಿ ಕಡೆ ಇನ್ನೂ ಜೋರಂತೆ, ಅಲ್ಲಿ ಸುರಿದದ್ದು ಇಲ್ಲಿ ಬರಲು ಒಂದು ಹಗಲು ಒಂದು ರಾತ್ರಿ ಸಾಕು, ಮ್ಯಾಲಿನವ್ರು ಉಂಡ್ರ ಕೆಳಗಿನವ್ರಿಗಿ ತೇಗು ಅಂತ ಅಪ್ಪ ನಗುತ್ತಿದ್ದ, ನಗುವವನು ಎಲ್ಲಿಗೆ ಹೋದ, ಅದನ್ನು ಈಗ ನೆನೆಯಬೇಡ. ಒಂದು ಗಂಟೆಗೆ, ಸೇಡಂನ ತನ್ನ ಅಂಗಡಿಯಲ್ಲಿ ಯಾವನದೋ ಪಹಣಿ ಝೆರಾಕ್ಸ್ ತೆಗೆಯುತ್ತಿದ್ದಾಗ ಚಾಂದನ ಫೋನು, ಚಾಂದ್ ಎಂದರೆ ಅಕ್ಕ ತಮ್ಮಂದಿರ ಬ್ಯಾಂಡಿನ ಡ್ರಮ್ಮಿನವನು, ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವವನು, ಎಂದೂ ಗಾಬರಿ ಬೀಳದ ಗಂಡು, ಅವನೇ ಏದುಸಿರು ಬಿಡುತ್ತ, ಸುಜಾತಾ, ರೈಲ್ವೆ ಬ್ರಿಜ್ ಕೆಳಗ ಕಲ್ಲಿನ ಖಣಿ ಕೆಲಸದಾಂವ ಒಬ್ಬ ಹೊಳಿಗಿ ಬಿದ್ದಾನ, ಪೊಲೀಸ್‌ನವ್ರು ಹಣಮಂತನ್ನ ಕರ್ಸ್ಯಾರ, ಅಂವ ಇಳ್ದಾನ, ನೀರು ಭಾಳ ಅದ, ನೀ ಜಲ್ದಿ ಬಾ. ಇಳ್ದಾನ. ಅಂದರೆ ತಮ್ಮ ಹಣಮಂತ ಚಪ್ಪಲಿ ಬಿಟ್ಟಿದ್ದಾನೆ, ಅಂದರೆ ದಂಡೆಯ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಎರಡು ಚಪ್ಪಲಿ ಕೂತಿವೆ, ತುದಿ ಊರ ಕಡೆ, ಹೌದು, ಊರ ಕಡೆಯೇ, ಎಷ್ಟೇ ಅವಸರವಿದ್ದರೂ ಹಣಮಂತ ಅದನ್ನು ಮರೆಯುವವನಲ್ಲ, ಮರೆತರೆ ಆಯಿ ಅವನ ಚರ್ಮ ಸುಲಿದಾಳು. ಅಂಗಡಿಯ ಶಟರ್ ಎಳೆದಳೋ ಇಲ್ಲವೋ, ಸ್ಟೇಷನ್ನಿಗೆ ಯಾವ ಆಟೋದಲ್ಲಿ ಬಂದಳೋ, ಒಂದೂ ನೆನಪಿಲ್ಲ.

ಅವರದು ಹೊಳೆಯ ಮನೆತನ. ಸೇತುವೆ ಬರುವ ಮುಂಚೆ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕಿದವರು, ಸೇತುವೆ ಬಂದ ಮೇಲೆ ಹೊಲಕ್ಕೂ ಖಣಿಗೂ ಕೂಲಿ ಹೋದವರು, ಆದರೆ ಯಾರಾದರೂ ಮುಳುಗಿದರೆ ಇವತ್ತಿಗೂ ಕರೆ ಬರುವುದು ಅವರ ಮನೆಗೇ, ಹೆಣ ತೆಗೆಯಲು ಮಾತ್ರ ನೆನಪಾಗುವ ಮಂದಿ ನಾವು ಅಂತ ಹಣಮಂತ ಹಲ್ಲು ಕಿರಿಯುತ್ತಾನೆ. ನೀರಿಗಿಳಿಯುವ ಗಂಡಸು ಚಪ್ಪಲಿಯ ತುದಿಯನ್ನು ಊರ ಕಡೆ ಮಾಡಿ ಬಿಡಬೇಕು, ಮರಳಿ ಬಂದವನು ಮೆಟ್ಟಿಕೊಂಡು ನೆಟ್ಟಗೆ ಮನೆಯ ದಾರಿ ಹಿಡಿಯಲಿ ಅಂತ, ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ, ಪೊಲೀಸರೂ ಸುತ್ತು ಹಾಕಿಯೇ ನಡೆಯುತ್ತಾರೆ, ಇನ್ನು ಅವನು ಬರುವುದಿಲ್ಲ ಎಂದು ಖಾತ್ರಿಯಾದಾಗ ಮಾತ್ರ ಮನೆಯ ಹಿರಿಯ ಹೆಂಗಸು ಬಂದು ಕೂತು, ತನ್ನ ಕೈಯಿಂದ, ಒಂದೊಂದಾಗಿ ತಿರುಗಿಸುತ್ತಾಳೆ, ತುದಿ ನೀರಿನ ಕಡೆ, ಆಮೇಲೆ ಹೆಣವನ್ನು ದಂಡೆಗೆ ಕರೆಯುವ ಹಾಡು. ಹನ್ನೆರಡು ವರ್ಷದ ಹಿಂದೆ ಅಪ್ಪ ಖಂಡಪ್ಪ ಯಾರೋ ಗುರುತಿಲ್ಲದವನನ್ನು ಹುಡುಕಲು ಇಳಿದ, ಸುಜಾತಾಗೆ ಆಗ ಹದಿನೇಳು, ಹಣಮಂತನಿಗೆ ಹನ್ನೊಂದು, ಅಪ್ಪನ ಚಪ್ಪಲಿ ಕಪ್ಪು, ದಂಡೆಯ ಕಲ್ಲೂ ಕಪ್ಪು, ಎಲ್ಲಿ ಬಿಟ್ಟು ಇಳಿದಿದ್ದನೆಂದು ಹುಡುಕುವುದಕ್ಕೇ ಒಂದು ತಾಸು ಹಿಡಿಯಿತು, ಆಯಿ ಅಂಬುಬಾಯಿ, ಅಪ್ಪನ ಹಡೆದವ್ವ, ಬಂದಳು, ಅಳಲಿಲ್ಲ, ನೀರನ್ನು ನೋಡುತ್ತ ಕೂತಳು, ಸಂಜೆಯ ಹೊತ್ತಿಗೆ ಎಡಗಾಲಿನದನ್ನು ತಿರುಗಿಸಿದಳು, ಬಲಗಾಲಿನದರ ಮೇಲೆ ಕೈಯಿಟ್ಟು ಹಾಗೇ ಕೂತುಬಿಟ್ಟಳು, ಎಷ್ಟು ಹೊತ್ತು, ಅದೊಂದು ತಿರುಗದಿದ್ದರೆ ಮಗ ಅರ್ಧ ಊರಿನಲ್ಲೇ ಇದ್ದಾನೆ ಎಂಬಂತೆ, ಸುಜಾತಾ ಆ ಕೈಯನ್ನೇ ನೋಡುತ್ತಿದ್ದಳು, ತಿರುಗಿಸಬ್ಯಾಡ ಆಯಿ, ತಿರುಗಿಸಬ್ಯಾಡ, ಕೈ ತಿರುಗಿತು. ಬಾರೋ ಖಂಡಪ್ಪಾ ದಂಡಿಗಿ ಬಾರೋ, ಬಡಿದ ರೊಟ್ಟಿ ಆರಿದವು ಬಾರೋ, ನೀರಿನ ನೆಂಟಸ್ತನ ಸಾಕೋ ಮಗನಾ, ಒಮ್ಮೆ ಮುಖ ತೋರೋ. ಮೂರನೇ ದಿನ ಅಪ್ಪ ದಂಡೆಗೆ ಬಂದ. ಆ ಹಾಡಿನೊಳಗೆ ಮುಳುಗಿದವನ ಹೆಸರು ಬೇಕೇ ಬೇಕು, ಹೆಸರಿಲ್ಲದೆ ಹಾಡಲು ಬರುವುದಿಲ್ಲ, ಹಾಗಾಗಿ ಕಲಿಯುವ ಹೆಣ್ಣುಮಕ್ಕಳು ಒಳಕಲ್ಲಿನ ಗುಂಡನ್ನು ಮುಂದಿಟ್ಟುಕೊಂಡು ಬಾರೋ ಗುಂಡಪ್ಪಾ ಎಂದು ಕಲಿಯುತ್ತಾರೆ, ನಗು ಬರುತ್ತದೆ, ನಕ್ಕರೆ ಆಯಿ ಬೆನ್ನಿಗೆ ಒಂದು ಬಿಡುತ್ತಾಳೆ, ಜೀವಂತ ಇದ್ದವ್ರ ಹೆಸರು ಹಾಕಿ ಹಾಡಿಗೀಡಿದಿ ಹುಷಾರ್, ಹೊಳಿಗಿ ಕಣ್ಣಿಲ್ಲ ಬೇ, ಕಿವಿ ಅಷ್ಟೇ ಅದಾವ, ಕರದವ್ರನ್ನ ತನ್ನವ್ರು ಅಂತ ತಿಳಕೊಂತದ. ಕಿತ್ತಳೆ ಬಣ್ಣದ್ದು ತಗೋ ಅಂತ ಹಣಮಂತನಿಗೆ ಸೇಡಂ ಬಜಾರಿನಲ್ಲಿ ಚಪ್ಪಲಿ ಕೊಡಿಸಿದವಳು ಇವಳೇ, ಥೂ ಅಕ್ಕಾ, ಹೆಣ್ಣಮಕ್ಕಳ ಬಣ್ಣ ಅಂದ, ಇರಲಿ, ದೂರಿಂದ ಕಾಣ್ತದ ಅಂದಿದ್ದಳು, ಯಾಕೆ ಅಂತ ಅವನು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಗಾಡಿ ನಿಂತು ಹೊರಟಿತು, ಅವನ ನಂಬರಿಗೆ ಹಚ್ಚಿದಳು, ರಿಂಗ್ ಆಯಿತು, ಆಯಿತು, ಆಯಿತು, ದಂಡೆಯ ಮೇಲೆ ಚಪ್ಪಲಿಯ ಪಕ್ಕದಲ್ಲೇ ಮಡಚಿಟ್ಟ ಅಂಗಿಯೊಳಗೆ ಒದರುತ್ತಿರಬೇಕು, ಎತ್ತುವವರಿಲ್ಲ.

ಹಾಡಿದೆನಲ್ಲ, ಹಾಡಿಬಿಟ್ಟೆನಲ್ಲ, ಹೆಸರಿಟ್ಟು ಹಾಡಿದೆನಲ್ಲ — ಇಷ್ಟು ಹೊತ್ತು ಬೇರೆಲ್ಲವನ್ನೂ ನೆನೆದು ಇದೊಂದನ್ನು ಬಾಗಿಲಾಚೆ ನಿಲ್ಲಿಸಿದ್ದಳು, ಅದು ಒಳಗೆ ಬಂದೇ ಬಂತು. ಬ್ಯಾಂಡಿನ ಹೆಸರು ಧೂಳ್, ಐದು ವರ್ಷ ಅವರು ಮಾಡಿದ್ದೆಲ್ಲ ಬರೀ ಗದ್ದಲ, ಲಕ್ಷ್ಮಿಕಾಂತನ ಗಿಟಾರು ಕಿವಿ ಹರಿಯುವಂತೆ, ಚಾಂದ್ ಡ್ರಮ್ಮಿನ ಮೇಲೆ ಹಳೇ ಸೇಡು ತೀರಿಸುವಂತೆ, ಸುಜಾತಾ ನರ ಉಬ್ಬಿಸಿ ಚೀರುವುದು, ಹಣಮಂತನ ಬೇಸ್ ಗಿಟಾರು ಯಾರಿಗೂ ಕೇಳುತ್ತಲೇ ಇರಲಿಲ್ಲ, ಪಾಪ, ಕೂತು ಬಾರಿಸಿದ್ದೇ ಬಂತು. ಕಲಬುರಗಿಯ ಕಾಲೇಜೊಂದರಲ್ಲಿ ಹಾಡು ಮುಗಿದ ಮೇಲೆ ಒಬ್ಬ ಹುಡುಗಿ ಬಂದು ಛಲೋ ಅದ್ರಿ ಸರ್, ಖರೇ ಇದನ್ನ ಎಲ್ಲೋ ಕೇಳೀನಿ ಅಂದಳು, ಅಷ್ಟೇ ಅಂದದ್ದು, ಲಕ್ಷ್ಮಿಕಾಂತ ಎರಡು ತಿಂಗಳು ಗಿಟಾರು ಮುಟ್ಟಲಿಲ್ಲ, ವಾಡಿಯ ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮೂಗಿನ ಮೇಲೆ ಕನ್ನಡಕ ಇಳಿಸಿ ಕೂತ, ಆಮೇಲೊಂದು ದಿನ ಎಲ್ಲರನ್ನೂ ಕರೆದು, ನಮ್ಮದು ಅಂಬೋದು ಏನರ ಅದನೇನ್ರಪಾ ನಮ್ಮ ಹತ್ರ, ಎಲ್ಲಾ ಮಂದೀದೇ ಸದ್ದು, ಹೊಸ ಆಲ್ಬಮ್ಮಿನಾಗ ಮೊದಲನೇ ಹಾಡು ಸುರು ಆದಕೂಡ್ಲೆ ಗೊತ್ತಾಗಬೇಕು ಇವ್ರು ಎಲ್ಲಿಯವ್ರು ಅಂತ, ಅದರಾಗ ನನ್ನ ಗಿಟಾರ್ ಬ್ಯಾಡ ಅಂದ, ಹೆತ್ತ ಕೂಸನ್ನು ಬೇರೆಯವರ ಮಡಿಲಿಗೆ ಹಾಕಿದಂತೆ ಗಿಟಾರನ್ನು ಗೋಡೆಗೆ ಒರಗಿಸಿದ. ಆಗ ಬಾಯಿ ಬಿಟ್ಟವಳು ಯಾರು, ಇವಳೇ, ಸುಜಾತಾನೇ, ನಮ್ಮ ಆಯಿದು ಒಂದು ಹಾಡು ಅದ. ಯಾರು ಕೇಳಿದ್ದರು ನಿನ್ನನ್ನು, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಹಣಮಂತ ಇವಳ ಮುಖ ನೋಡಿದ, ಆಯಿಗಿ ಹೇಳೂದು ಬ್ಯಾಡ ಅಂದ, ಹೇಳಲಿಲ್ಲ. ವಾಡಿಯ ಹಳೇ ಗೋದಾಮಿನಲ್ಲಿ ಗೋಡೆಗೆ ಗಾದಿ ತೂಗುಹಾಕಿ, ಒಂದು ಗೂಡ್ಸು ಹೋಗಿ ಇನ್ನೊಂದು ಬರುವುದರೊಳಗೆ ರೆಕಾರ್ಡು, ಡ್ರಮ್ಮಿನ ಬದಲು ಚಾಂದ್ ಒಂದು ಫರಸಿ ಕಲ್ಲು ತಂದ, ಇಪ್ಪತ್ತು ಕಲ್ಲು ಬಡಿದು ನೋಡಿ ಆರಿಸಿದ್ದು, ಒಳಗ ಬಿರುಕು ಇದ್ರ ಸದ್ದು ಸತ್ತಂಗ ಬರ್ತದ, ಇದು ಗಟ್ಟಿ ಅದ ಅಂತ ಅದನ್ನು ಉಸುಕಿನ ಚೀಲದ ಮೇಲೆ ಮಲಗಿಸಿ ಮರದ ಕೊಡತಿಯಿಂದ ಮೆಲ್ಲಗೆ ಬಡಿದ, ಒಂದು ಏಟು, ಬಿಡುವು, ಒಂದು ಏಟು, ಬಿಡುವಿನಲ್ಲಿ ಹಣಮಂತನ ಬೇಸಿನ ಒಂದೇ ಒಂದು ಸ್ವರ, ಆಳದಿಂದ, ಐದು ವರ್ಷದಲ್ಲಿ ಮೊದಲ ಸಲ ಅವನು ಕೇಳಿಸಿದ, ಅದರ ಮೇಲೆ ಇವಳ ದನಿ, ಇನ್ನೇನೂ ಇಲ್ಲ. ಮೊದಲ ಸಲ ಬಾರೋ ಗುಂಡಪ್ಪಾ, ಚಾಂದನ ಮೀಸೆಯೊಳಗೆ ನಗು, ಎರಡನೇ ಸಲ ಬಾರೋ ಗುಂಡಪ್ಪಾ, ಲಕ್ಷ್ಮಿಕಾಂತ ತಲೆಯಾಡಿಸಿದ, ಗಂಟಲು ಬಿಚ್ಚವಲ್ದು ಸುಜಾತಾ, ನೀ ಯಾರನ್ನೂ ಕರಿಲಿಕತ್ತಿಲ್ಲ, ಸುಮ್ಮ ಹಾಡ್ಲಿಕತ್ತಿ ಅಂದ. ಮೂರನೇ ಸಲ ಕಣ್ಣು ಮುಚ್ಚಿದಳು, ಅಪ್ಪನ ಚಪ್ಪಲಿಯ ಮೇಲೆ ಆಯಿಯ ಕೈ ಕಂಡಿತು, ಬೆದರಿ ಕಣ್ಣು ತೆರೆದಳು, ಎದುರಿಗೆ ಬರಿಗಾಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ತಮ್ಮ, ಅಪ್ಪನದೇ ಹಣೆ, ಅಪ್ಪನದೇ ಕಿವಿ, ಬಾಯಿ ತಾನಾಗಿ ಬಾರೋ ಹಣಮಂತಾ ಅಂದುಬಿಟ್ಟಿತು.

ಹಾಡು ನಿಲ್ಲಲಿಲ್ಲ, ಅದೇ ದೊಡ್ಡ ತಪ್ಪು, ಅಲ್ಲೇ ನಾಲಿಗೆ ಕಚ್ಚಿಕೊಂಡು ನಿಲ್ಲಿಸಬೇಕಿತ್ತು, ಕೊನೆಯವರೆಗೂ ಹಾಡಿದಳು, ಐದು ಸಲ ಬರುತ್ತದೆ ಹೆಸರು, ಐದೂ ಸಲ ಕರೆದಳು. ಮುಗಿದಾಗ ಚಾಂದ್ ಕೊಡತಿಯನ್ನು ನೆಲಕ್ಕಿಟ್ಟು ಮುಖ ತಿರುಗಿಸಿದ, ಲಕ್ಷ್ಮಿಕಾಂತ ಕನ್ನಡಕ ತೆಗೆದು ಒರೆಸುತ್ತ, ಇದೇ, ಇದೇ ನಮ್ಮ ಹಾಡು ಅಂದ. ಬ್ಯಾಡ, ಮತ್ತೊಮ್ಮಿ ಹಾಡ್ತೀನಿ ಅಂದಳು, ಹನ್ನೊಂದು ಸಲ ಹಾಡಿದಳು, ಗುಂಡಪ್ಪ ಗುಂಡಪ್ಪ ಗುಂಡಪ್ಪ, ಹನ್ನೊಂದೂ ಸತ್ತ ಕಲ್ಲಿನ ಸದ್ದು. ಹಣಮಂತ ನಕ್ಕ, ಅಕ್ಕಾ, ನಾ ಸತ್ತ ಮ್ಯಾಲ ಹಾಡಿದ್ರ ನಂಗೇನು ಕೇಳ್ತದೇನು, ಈಗೇ ಕೇಳ್ಸಿದಿ ಛಲೋ ಆತು, ಇರ್ಲಿ ಬಿಡು ಅದನ್ನೇ. ಇವಳು ಕಿವಿಗೆ ಹೆಡ್‌ಫೋನು ಹಾಕಿ ಕೇಳಿದಳು, ತನ್ನ ದನಿ ಹೀಗಿದೆಯೇ, ಯಾರಂತೆಯೂ ಇಲ್ಲದ ದನಿ, ಇದನ್ನು ಎಲ್ಲೋ ಕೇಳೀನಿ ಎನ್ನಲು ಯಾವಳಿಗೂ ಬಾಯಿ ಬಾರದು, ಎದೆ ಉಬ್ಬಿತು, ಹೌದು, ಉಬ್ಬಿತು, ಸುಳ್ಳು ಯಾಕೆ, ಆಸೆ ಹುಟ್ಟಿತು, ಇಡ್ರಿ ಅಂದವಳು ಇವಳೇ. ತಮ್ಮ ಇಡು ಅಂದ ಅಂತ ಇಡಲಿಲ್ಲ, ತನಗೆ ಬೇಕಿತ್ತು ಅಂತ ಇಟ್ಟಳು, ಈಗ ಹೊಳೆಯ ಮುಂದೆ ನಿಂತು ಹೇಳು ಅದನ್ನು. ಚಿತ್ತಾಪುರ ಬಂತು, ಮಂದಿ ತೊಯ್ದ ಛತ್ರಿ ಝಾಡಿಸುತ್ತ ಹತ್ತಿದರು, ಬುರ್ಖಾದ ಹೆಂಗಸೊಬ್ಬಳು, ಜೊತೆಗೆ ಕಾಲೇಜಿನ ಮಗಳು, ಎದುರಿಗೆ ಕೂತರು, ಮಗಳು ಕಾಲಿನಿಂದ ಬರ್ತಿನವನ ಆ ಚಪ್ಪಲಿಯನ್ನು ಅತ್ತ ಸರಿಸಿದಳು, ಈಗ ಎರಡೂ ತುದಿ ಕಿಟಕಿಯ ಕಡೆ, ಎರಡೂ ತಿರುಗಿದ್ದನ್ನು ನೋಡಲಾರದೆ ಸುಜಾತಾ ಮುಖ ಆಚೆ ಹೊರಳಿಸಿದಳು. ಅಕ್ಕಾ, ನೀವು ಧೂಳ್ ಬ್ಯಾಂಡಿನಾಗ ಹಾಡ್ತೀರಲ್ರಿ, ನಾ ನಿಮ್ಮ ಪೇಜ್ ನೋಡ್ತೀನ್ರಿ, ಇವತ್ತು ಮೂರು ಗಂಟೆಗಿ ಹೊಸ ಹಾಡು ಬರ್ತದಲ್ರಿ. ಸುಮ್ನಿರು ಮಹೆವಿಶ, ಅವ್ರಿಗಿ ತಲಿನೂವು ಅದನೋ ಏನೋ, ಮುಖ ನೋಡು ಹ್ಯಾಂಗಾಗ್ಯದ, ಬೇಟಾ, ನೀರು ಕುಡೀರಿ ಅಂದಳು ತಾಯಿ, ನಾಹಿದ ಅಂತ ಹೆಸರಂತೆ, ಬಾಟಲಿ ಮುಂದೆ ಹಿಡಿದಳು. ಕುಡಿದರೆ ಇಳಿಯಲಿಲ್ಲ, ಗಂಟಲಿನಲ್ಲೇ ನಿಂತಿತು, ಹೀಗೆಯೇ ಅಲ್ಲವೇ ತುಂಬುವುದು, ಮೊದಲು ಬಾಯಿ, ಆಮೇಲೆ ಮೂಗು, ಅಯ್ಯೋ ಸಾಕು. ತಮ್ಮನ ನಂಬರು ಮತ್ತೆ ಹಚ್ಚಿದಳು, ಈ ಸಲ ರಿಂಗೂ ಇಲ್ಲ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂದಳು ಯಾವಳೋ, ಊಟ ಬಡಿಸಲು ಕರೆಯುವಷ್ಟು ಸಲೀಸಾಗಿ. ಮೂರು ಗಂಟೆಗೆ ಇನ್ನು ಒಂದು ತಾಸಿತ್ತು.

ವಾಡಿಯಲ್ಲಿ ಗಾಡಿ ನಿಂತಿತು, ನಿಂತೇ ನಿಂತಿತು, ಮುಂದೆ ಹೊಳೆ ತುಂಬಿದೆ, ಬ್ರಿಜ್ ನೋಡಿಕೊಂಡು ಬಿಡ್ತಾರಂತ ಎಂದು ಚಹಾದವನು ಕೂಗಿಕೊಂಡು ಹೋದ, ಕೊಡಪಾನದಿಂದ ಸುರಿದಂತೆ ಮಳೆ, ಸಿಮೆಂಟಿನ ಧೂಳು ಕುಡಿದು ಕುಡಿದು ಬೆಳ್ಳಗಾದ ಬೇವಿನ ಮರಗಳು ಇವತ್ತೊಂದು ದಿನ ಹಸಿರು. ಫೋನು ಒದರಿತು, ಹಣಮಂತನಲ್ಲ, ಲಕ್ಷ್ಮಿಕಾಂತ. ತಂಗಿಯ ನಿಶ್ಚಯಕ್ಕೆ ಚಿಂಚೋಳಿಗೆ ಹೋದವನು ನೀರಿಗೆ ದಾರಿ ಕಟ್ಟಿ ಅಲ್ಲೇ ಸಿಕ್ಕಿಬಿದ್ದಿದ್ದ, ಸುಜಾತಾ, ಚಾಂದ್ ನಂಗ ಹಚ್ಚಿದ್ದ, ಎರಡು ಸಲ ಮುಳುಗಿ ಬಂದಾನಂತ, ಸಿಗ್ಲಿಲ್ಲ ಅಂದಾನಂತ, ಬ್ಯಾಡ ಬಿಡು ಅಂದ್ರ ಬಿದ್ದಾಂವನ ಹೇಣ್ತಿ ಕಾಲು ಹಿಡದಾಳಂತ, ಮೂರನೇ ಸಲ ಇಳ್ದಾನ. ಯಾವಾಗ. ಗೊತ್ತಿಲ್ಲ ಬೇ, ಆಮ್ಯಾಲ ಚಾಂದ್ ಎತ್ತವಲ್ಲ. ಮೂರನೇ ಸಲ. ಮೂರನೇ ಸಲವೇ ಬಾಯಿ ತಪ್ಪಿತ್ತು. ಕೇಳು, ಇಲ್ಲಿ ಹೊಳಿ ನೋಡಿದ್ರ ನಂಗೇ ಅಂಜಿಕಿ ಬರ್ಲಿಕತ್ತದ ಅಂದ ಲಕ್ಷ್ಮಿಕಾಂತ, ನಾ ಇಂಥಾದ್ದೆಲ್ಲ ನಂಬೂದಿಲ್ಲ, ನಿಂಗ ಗೊತ್ತದ, ಆದ್ರ ಹಾಡಿಗಿ ಮೂರು ಗಂಟೆ ಅಂತ ಟೈಮ್ ಹಚ್ಚಿಟ್ಟೀನಿ, ತಾನೇ ಹೋಗ್ತದ, ನೀ ಬ್ಯಾಡ ಅಂದ್ರ ಈಗೇ ತಗೀತೀನಿ, ನನ್ನ ಆಣೆಗೂ ಬ್ಯಾಸರ ಇಲ್ಲ, ಹಾಡು ಹೋದ್ರ ಹೋಗ್ಲಿ, ನೀ ಒಂದು ಮಾತು ಹೇಳು. ಒಂದು ಮಾತು, ತೆಗಿ, ಎರಡೇ ಅಕ್ಷರ, ನಾಲಿಗೆಯ ತುದಿಯಲ್ಲಿ ಕೂತಿದೆ, ಆದರೆ ತೆಗಿ ಅಂದರೆ ಏನಾಯಿತು, ನಂಬಿದಂತಾಯಿತು, ಅವನು ಹೋದ ಎಂದು ತಾನೇ ಒಪ್ಪಿದಂತಾಯಿತು, ಆಯಿ ಬರುವ ಮೊದಲೇ ತನ್ನ ಕೈಯಾರೆ ಚಪ್ಪಲಿ ತಿರುಗಿಸಿದಂತಾಯಿತು, ಇಲ್ಲ, ನಾನು ತಿರುಗಿಸುವುದಿಲ್ಲ, ಅವನು ಬರುತ್ತಾನೆ, ಬಂದು ಎಲ್ಲಿ ನಮ್ಮ ಹಾಡು ಅಂತ ಕೇಳುತ್ತಾನೆ, ಅಂಜಬುರುಕಿ ಅಂತ ವರ್ಷವಿಡೀ ಕಾಡುತ್ತಾನೆ. ಇದು ಮೇಲಿನ ಮಾತು. ಅದರ ಕೆಳಗೆ ಇನ್ನೊಂದು ಮಾತಿತ್ತು, ಸಣ್ಣದು, ನಾಚಿಕೆಗೇಡಿನದು, ಹನ್ನೊಂದು ಸಲ ಹಾಡಿದರೂ ಆ ದನಿ ಮರಳಿ ಬರಲಿಲ್ಲ, ಈಗ ತೆಗೆದರೆ ಇನ್ನೆಂದೂ ಬರುವುದಿಲ್ಲ, ಝೆರಾಕ್ಸ್ ಮಷೀನಿನ ಮುಂದೆ ಮುದುಕಿಯಾಗುತ್ತೀ. ಇರ್ಲಿ, ಅಂತು ಬಾಯಿ, ಹಣಮಂತ ಇಡು ಅಂದಾನ, ಇರ್ಲಿ. ಖರೇ ಏನು ಅಂದ ಲಕ್ಷ್ಮಿಕಾಂತ, ಖರೇ ಅಂದಳು. ಫೋನು ಇಟ್ಟ ಕೂಡಲೇ, ಏನು ಮಾಡಿದೆ, ಏನು ಮಾಡಿಕೊಂಡೆ, ತೆಗಿ ಅನ್ನಲು ಮತ್ತೆ ಹಚ್ಚಿದಳು, 'ಎಲ್ಲಾ ಲೈನುಗಳು ಬ್ಯುಸಿ', ಮತ್ತೆ ಹಚ್ಚಿದಳು, ಚಿಂಚೋಳಿಯಲ್ಲಿ ಕರೆಂಟು ಹೋಗಿ ಟವರ್ ಬಿದ್ದಿತೋ ಏನೋ, ಸದ್ದೇ ಇಲ್ಲ, ಅಷ್ಟರಲ್ಲಿ ಗಾಡಿ ಜಗ್ಗಿ ಹೊರಟಿತು.

ಹೊಳೆಯ ಘಾಟು ಎದುರು ಸೀಟಿನ ಕಿಟಕಿಯಿಂದ ಇನ್ನೂ ಚೆನ್ನಾಗಿ ಕಾಣುತ್ತದೆ, ಒಂಚೂರು ಇಲ್ಲಿ ಕುಂದ್ರಲಿ ಏನ್ರಿ ಅಂದಳು, ಬರ್ರಿ ಅಕ್ಕಾ, ಕುಂದ್ರಿ ಅಂತ ಮಹೆವಿಶ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು, ಕೈಯಲ್ಲಿ ಫೋನು, ಕಣ್ಣು ಗಡಿಯಾರದ ಮೇಲೆ, ಇನ್ನಾ ನಾಲ್ಕು ನಿಮಿಷ ಅದ್ರಿ. ಗಾಡಿ ನಡೆದು ಹೋಗುವವನೂ ಹಿಂದೆ ಹಾಕುವಷ್ಟು ನಿಧಾನ, ಬೇಗ ಹೋಗು ಮುಂಡೇದೇ, ಬೇಡ, ನಿಧಾನವೇ ಇರಲಿ, ಮುಟ್ಟದೇ ಇದ್ದರೂ ಆದೀತು, ಮುಟ್ಟುವ ತನಕ ಅವನು ಇದ್ದಾನೆ, ದಂಡೆಯ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಿದ್ದಾನೆ, ಚಾಂದ್ ಬೀಡಿ ಹಚ್ಚಿಕೊಟ್ಟಿದ್ದಾನೆ, ಫೋನು ತೊಯ್ದು ಬಂದಾಗಿದೆ ಅಷ್ಟೇ, ನೀರಿಗೆ ಬಿದ್ದ ಅಂಗಿ, ಫೋನು, ಅಷ್ಟೇ, ಯಾಕ ಬಂದಿ ಬೇ ಅಂಗಡಿ ಬಿಟ್ಟು ಅಂತ ಬೈಯುತ್ತಾನೆ, ಬೈಸಿಕೊಂಡು ಅವನ ಬೆನ್ನಿಗೆ ಎರಡು ಗುದ್ದುತ್ತಾಳೆ, ಆಯಿಗೆ ಎಲ್ಲ ಹೇಳಿಬಿಡುತ್ತಾಳೆ, ಕಾಲು ಹಿಡಿಯುತ್ತಾಳೆ, ಹಾಡು ಬಿಟ್ಟೇಬಿಡುತ್ತಾಳೆ, ಹೊಳೆತಾಯಿ, ನಿನಗೆ ಸೀರೆ ಉಡಿಸುತ್ತೇನೆ, ಹಸಿರು ಸೀರೆ, ಆ ಹೆಸರು ನಿನಗಲ್ಲ ಕರೆದದ್ದು, ಬಾಯಿ ತಪ್ಪಿ ಬಂತು, ಬಾಯಿ ತಪ್ಪಿದ್ದಕ್ಕೆ ಯಾರಾದರೂ — ಚಕ್ರದ ಸದ್ದು ಬದಲಾಯಿತು, ನೆಲದ ಸದ್ದು ಹೋಗಿ ಟೊಳ್ಳು ಸದ್ದು ಬಂತು, ಬ್ರಿಜ್. ಕೆಳಗೆ ನೀರು, ಕೆಂಪು, ದಪ್ಪ, ಇಡೀ ಬೇವಿನ ಮರವೊಂದನ್ನು ಬೇರು ಸಮೇತ ಹೊತ್ತು ಹೋಗುತ್ತಿದೆ, ದಂಡೆ ಎಲ್ಲಿ, ದಂಡೆಯ ಮೇಲೆ ಮಂದಿ, ಕರಿ ಛತ್ರಿಗಳು, ಒಂದು ಪೊಲೀಸ್ ಜೀಪು, ನೀರಿನಲ್ಲಿ ಯಾರೂ ಇಲ್ಲ. ಯಾರೂ ಇಲ್ಲ. ಅಕ್ಕಾ ಬಂತು, ಬಂತು ನೋಡ್ರಿ ಅಂದಳು ಮಹೆವಿಶ, ಖುಷಿಯಿಂದ ಫೋನನ್ನು ಇವಳ ಕಿವಿಯ ಹತ್ತಿರ ಹಿಡಿದಳು, ಕಲ್ಲಿನ ಮೇಲೆ ಕೊಡತಿಯ ಒಂದು ಏಟು, ಬಿಡುವು, ಒಂದು ಏಟು, ಬಿಡುವಿನಲ್ಲಿ ಹಣಮಂತನ ಬೆರಳು ಎಳೆದ ಒಂದೇ ಸ್ವರ, ಆಳದಿಂದ, ಮೇಲಿನ ಬರ್ತಿನವನೂ ಮುಸುಕು ತೆಗೆದು ಕೇಳಿದ, ನಾಹಿದ ಎದೆಯ ಮೇಲೆ ಕೈಯಿಟ್ಟುಕೊಂಡಳು, ಯಾ ಅಲ್ಲಾ, ಯಾರ್ದು ಬೇಟಾ ಈ ದನಿ. ಬಂದ್ ಮಾಡು ಎನ್ನಲು ಬಾಯಿ ತೆರೆದಳು, ಬಾಯಿಯಿಂದ ಗಾಳಿ ಬಂತು, ಮಾತು ಬರಲಿಲ್ಲ, ಮಾತೆಲ್ಲ ಆ ಫೋನಿನೊಳಗೇ ಇತ್ತು. ಛತ್ರಿಗಳ ನಡುವೆ ಚಾಂದ್ ಕಂಡ, ಎರಡೂ ಕೈ ತಲೆಯ ಮೇಲೆ, ಅವನ ಮುಂದೆ ಕಪ್ಪು ಕಲ್ಲಿನ ಮೇಲೆ ಒಂದು ಬಿಳಿ ಸೀರೆ, ಛತ್ರಿಯಿಲ್ಲದೆ ಮಳೆಯಲ್ಲಿ ಕೂತ ಆಯಿ, ಆಯಿಯ ಮುಂದೆ ಎರಡು ಕಿತ್ತಳೆ ಚುಕ್ಕೆ, ದೂರದಿಂದ ಕಾಣಲಿ ಅಂತ ತಾನೇ ಕೊಡಿಸಿದ್ದು, ಕಂಡವು, ಎಷ್ಟು ಚೆನ್ನಾಗಿ ಕಂಡವು, ತುದಿ ಊರ ಕಡೆ, ಎರಡೂ ಊರ ಕಡೆ, ಇಟ್ಟಿದ್ದಾನೆ, ಸರಿಯಾಗಿಯೇ ಇಟ್ಟಿದ್ದಾನೆ, ಆಯಿಯ ಕೈ ಮುಂದೆ ಬಂತು, ಬ್ಯಾಡ ಆಯಿ, ಫೋನಿನಲ್ಲಿ ತನ್ನದೇ ದನಿ ಬಾರೋ ಅಂತು, ಬ್ಯಾಡ, ಹಣಮಂತಾ ಅಂತು, ಆಯಿಯ ಕೈ ಎಡಗಾಲಿನದನ್ನು ತಿರುಗಿಸಿತು, ಬಲಗಾಲಿನದರ ಮೇಲೆ ಹೋಗಿ ಕೂತಿತು, ಅಷ್ಟರಲ್ಲಿ ಬ್ರಿಜ್ ಮುಗಿದು ಮಣ್ಣಿನ ದಿಬ್ಬ ಅಡ್ಡ ಬಂತು, ಕಿಟಕಿಯ ತುಂಬ ಒದ್ದೆ ಮಣ್ಣು, ಮಣ್ಣು, ಏನೂ ಕಾಣದು, ಕಾಣುವುದು ಅದೊಂದೇ, ಕಪ್ಪು ಕಲ್ಲಿನ ಮೇಲೆ ಎರಡು ಕಿತ್ತಳೆ ಚಪ್ಪಲಿ, ಒಂದರ ತುದಿ ನೀರಿನ ಕಡೆ, ಇನ್ನೊಂದರ ತುದಿ ಊರ ಕಡೆ, ಅದರ ಮೇಲೆ ಆಯಿಯ ಕೈ, ಒಂದರ ತುದಿ ನೀರಿನ ಕಡೆ, ಇನ್ನೊಂದರ ತುದಿ ಊರ ಕಡೆ, ಅದರ ಮೇಲೆ ಆಯಿಯ ಕೈ